ಗೊರಕೆ ನಿಂತ ಆ ಹತ್ತು ಸೆಕೆಂಡು

ಕೇಳುಗರೇ, ನಮಸ್ಕಾರ.

ಪಕ್ಕದಲ್ಲಿ ಮಲಗಿದವರು ಜೋರಾಗಿ ಗೊರಕೆ ಹೊಡೆಯುತ್ತಿದ್ದಾರೆ. ನಿಮಗೆ ನಿದ್ದೆ ಹತ್ತುತ್ತಿಲ್ಲ. ಇದ್ದಕ್ಕಿದ್ದ ಹಾಗೆ ಗೊರಕೆ ನಿಲ್ಲುತ್ತದೆ. ಅಬ್ಬಾ, ಸದ್ಯ ನಿಂತಿತು ಅಂತ ನೀವು ಮಗ್ಗುಲು ಬದಲಿಸುತ್ತೀರಿ. ಆಗಲೇ ಸ್ವಲ್ಪ ಕಿವಿಗೊಟ್ಟು ಕೇಳಿ. ಉಸಿರಿನ ಸದ್ದು ಇದೆಯೇ? ಎದೆ, ಹೊಟ್ಟೆ ಏದುತ್ತಿರಬಹುದು, ಆದರೆ ಮೂಗಿನಿಂದಾಗಲಿ ಬಾಯಿಂದಾಗಲಿ ಗಾಳಿ ಬರುತ್ತಿರುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ. ಆಮೇಲೆ ಗಕ್ಕನೆ ಬಿಕ್ಕಿದ ಹಾಗೆ ಒಂದು ದೊಡ್ಡ ಉಸಿರು. ಮತ್ತೆ ಗೊರಕೆ ಶುರು.

ನಾನು ಹಲ್ಲಿನ ಡಾಕ್ಟರ್. ಇವತ್ತು ನಾನು ಮಾತಾಡಬೇಕೆಂದಿರುವುದು ಗೊರಕೆಯ ನಡುವಿನ ಆ ಮೌನದ ಬಗ್ಗೆ.

ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದರೆ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಉಸಿರಿನ ದಾರಿ ಕಿರಿದಾದಾಗ ಅಂಗುಳದ ಹಿಂದಿನ ಮೆತ್ತನೆಯ ಭಾಗ, ಕಿರುನಾಲಿಗೆ ಎಲ್ಲ ಗಾಳಿಗೆ ಪಟಪಟ ಅದುರುತ್ತವೆ. ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಉಸಿರು ನಿಂತೇ ಹೋಗುತ್ತದೆ. ಅದು ಸ್ಲೀಪ್ ಆಪ್ನಿಯ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಒಂದು ಕ್ಷಣ ಎಚ್ಚರಿಸುತ್ತದೆ. ಮಲಗಿದವರಿಗೆ ಇದ್ಯಾವುದೂ ನೆನಪಿರುವುದಿಲ್ಲ.

ಗಂಟೆಗೆ ಎಷ್ಟು ಸಲ ಹೀಗೆ ಉಸಿರು ನಿಲ್ಲುತ್ತದೆ ಅಥವಾ ತೀರಾ ಕುಗ್ಗುತ್ತದೆ ಅನ್ನುವುದೇ ಲೆಕ್ಕ. ದೊಡ್ಡವರಲ್ಲಿ 5ರಿಂದ 15 ಸಲ ಆದರೆ ಕಡಿಮೆ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ, ರಾತ್ರಿಯಿಡೀ! ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆ ಭಾರ, ಬಾಯಿ ಒಣಗಿರುತ್ತದೆ. ಮಧ್ಯಾಹ್ನ ತೂಕಡಿಕೆ. ಗಾಡಿ ಓಡಿಸುವಾಗಲೂ ಕಣ್ಣು ಎಳೆಯುತ್ತದೆ. ಎಷ್ಟು ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬರದಿರುವುದಕ್ಕೂ ಕೆಲವರಲ್ಲಿ ಇದೇ ಕಾರಣ.

ಇದರಲ್ಲಿ ಹಲ್ಲಿನ ಡಾಕ್ಟರಿಗೆ ಏನು ಕೆಲಸ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ಬಾಯೊಳಗೆ ಅರ್ಧ ಗಂಟೆ ದೀಪ ಹಿಡಿದು ನೋಡುವವರು ನಾವೇ ಅಲ್ವಾ? ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು, ರಾತ್ರಿ ಕಡಿದು ಕಡಿದು ಸವೆದ ಹಲ್ಲು, ಕಿರಿದಾದ ಎತ್ತರದ ಅಂಗುಳ, ಹಿಂದೆ ಸರಿದ ಗದ್ದ ಕಂಡರೆ ನಮಗೆ ಅನುಮಾನ ಬರಬೇಕು. ಬಾಯಿ ಅಗಲಿಸಿ ನಾಲಿಗೆ ಚಾಚಿದಾಗ ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ನೋಡಿ ಅಳೆಯುವ ಕ್ರಮವೊಂದಿದೆ. ಅದಕ್ಕೆ ಮಲ್ಲಂಪಾಟಿ ಅಂತ ಹೆಸರು. ಶಸ್ತ್ರಚಿಕಿತ್ಸೆಗೆ ಮುಂಚೆ ಗಂಟಲಿಗೆ ಕೊಳವೆ ಇಳಿಸುವುದು ಕಷ್ಟವಾದೀತೇ ಎಂದು ತಿಳಿಯಲು ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಕೊಟ್ಟದ್ದು. ಈಗ ನಮಗೂ ನೆರವಾಗುತ್ತಿದೆ. ಆದರೆ ಇದೆಲ್ಲ ಬರೀ ಅನುಮಾನಕ್ಕೆ ಸಾಕು. ಕಾಯಿಲೆ ಹೌದೋ ಅಲ್ಲವೋ ಎಂದು ಹೇಳಬೇಕಾದವರು ನಿದ್ದೆಯ ತಜ್ಞ ವೈದ್ಯರು. ಅದಕ್ಕೆ ಮಲಗಿರುವಾಗಿನ ಉಸಿರು, ಆಮ್ಲಜನಕ ಅಳೆಯುವ ರಾತ್ರಿಯ ನಿದ್ದೆ ಪರೀಕ್ಷೆ ಆಗಲೇಬೇಕು.

ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಬಲವಾದದ್ದು ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸುಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮಾಸ್ಕಿನಿಂದ ಒತ್ತಿ ಬರುವ ಗಾಳಿ ಗಂಟಲು ಕುಸಿಯದಂತೆ ತಡೆದು ನಿಲ್ಲಿಸುತ್ತದೆ. ಕಾಯಿಲೆ ತೀವ್ರವಾಗಿದ್ದವರು ಮೊದಲು ಇದನ್ನೇ ಪ್ರಯತ್ನಿಸಬೇಕು. ಆದರೆ ಎಷ್ಟೋ ಜನ ಮಧ್ಯರಾತ್ರಿ ಮಾಸ್ಕ್ ಕಿತ್ತಿಟ್ಟು ಮಲಗುತ್ತಾರೆ. ಅದು ಒಗ್ಗದವರಿಗೆ, ಕಡಿಮೆ ಅಥವಾ ಮಧ್ಯಮ ಹಂತದವರಿಗೆ ನಮ್ಮ ಹತ್ತಿರ ಇನ್ನೊಂದು ದಾರಿ ಇದೆ.

ಈಗ ಕೂತಲ್ಲೇ ಕೆಳದವಡೆಯನ್ನು ಮುಂದಕ್ಕೆ ಚಾಚಿ ನೋಡಿ. ನಾಲಿಗೆಯೂ ಜೊತೆಗೆ ಮುಂದೆ ಬಂತಲ್ವಾ? ನಾಲಿಗೆಯ ದೊಡ್ಡ ಸ್ನಾಯು ಗದ್ದದ ಮೂಳೆಯ ಒಳಬದಿಗೆ ಅಂಟಿಕೊಂಡಿದೆ. ದವಡೆ ಬಂದರೆ ಅದೂ ಬರಬೇಕು. ಪ್ರಜ್ಞೆ ತಪ್ಪಿದವರ ದವಡೆ ಎತ್ತಿ ಉಸಿರಿನ ದಾರಿ ಬಿಡಿಸುವುದೂ ಇದೇ ಲೆಕ್ಕದಲ್ಲಿ.

ನಾವು ಹಲ್ಲುಗಳ ಅಚ್ಚು ತೆಗೆದು ಮೇಲಕ್ಕೊಂದು, ಕೆಳಕ್ಕೊಂದು ಕವಚ ಮಾಡಿಸುತ್ತೇವೆ. ಎರಡನ್ನೂ ಜೋಡಿಸಿದಾಗ ಕೆಳದವಡೆ ರಾತ್ರಿಯಿಡೀ ಸ್ವಲ್ಪ ಮುಂದೆ ನಿಲ್ಲುತ್ತದೆ. ಒಂದೇ ಸಲ ಪೂರ್ತಿ ಎಳೆಯುವುದಿಲ್ಲ. ನಿಮ್ಮ ದವಡೆ ಎಷ್ಟು ಮುಂದೆ ಬರಬಲ್ಲದೋ ಅದರ ಅರ್ಧಕ್ಕಿಂತ ಒಂಚೂರು ಆಚೀಚೆ ಶುರುಮಾಡಿ, ಕೆಲವು ವಾರಗಳಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ತರುತ್ತೇವೆ. ಮೊದಮೊದಲು ಜೊಲ್ಲು ಜಾಸ್ತಿ, ಬೆಳಿಗ್ಗೆ ದವಡೆ ನೋವು. ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಹಾಕಿಕೊಂಡರೆ ಮೇಲಿನ, ಕೆಳಗಿನ ಹಲ್ಲು ಕೂಡುವ ರೀತಿಯೇ ಬದಲಾಗಬಹುದು, ಅದಕ್ಕೇ ಆಗಾಗ ತೋರಿಸುತ್ತಿರಬೇಕು. ಹಲ್ಲು ಅಲುಗಾಡುತ್ತಿದ್ದರೆ ಮೊದಲು ಒಸಡಿನ ಚಿಕಿತ್ಸೆ. ಹಲ್ಲೇ ಇಲ್ಲದವರಿಗೆ ಈ ಕವಚ ನಿಲ್ಲುವುದಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಹಾಕಿಕೊಳ್ಳುವ ಸಿದ್ಧ ಕವಚಗಳನ್ನು ದಯವಿಟ್ಟು ಸುಮ್ನೆ ಕೊಳ್ಳಬೇಡಿ. ಪರೀಕ್ಷೆಯೂ ಇಲ್ಲದೆ, ಅಳತೆಯೂ ಇಲ್ಲದೆ ದವಡೆ ಎಳೆಯುವುದು ಬೇಡ.

ಒಂದು ವಿಷಯ ಹೇಳಿಕೊಳ್ಳಬೇಕು. ಈ ಕೆಲಸ ಶುರುಮಾಡಿದ ಹೊಸದರಲ್ಲಿ ಒಬ್ಬರಿಗೆ ಕವಚ ಕೊಟ್ಟಿದ್ದೆ. ಎರಡು ತಿಂಗಳ ಮೇಲೆ ಅವರ ಹೆಂಡತಿ ಬಂದು, "ಈಗ ಸದ್ದೇ ಇಲ್ಲ ಡಾಕ್ಟ್ರೇ, ಪುಣ್ಯ ಕಟ್ಕೊಂಡ್ರಿ" ಅಂದರು. ನನಗೂ ಖುಷಿಯಾಯಿತು. ಅಲ್ಲಿಗೇ ಬಿಟ್ಟುಬಿಟ್ಟೆ. ಮುಂದೆ ಅವರ ವೈದ್ಯರು ಕವಚ ಹಾಕಿಸಿಯೇ ಮತ್ತೆ ನಿದ್ದೆ ಪರೀಕ್ಷೆ ಮಾಡಿಸಿದರು. ಗೊರಕೆ ಹೋಗಿತ್ತು, ಉಸಿರು ನಿಲ್ಲುವುದು ಹೋಗಿರಲಿಲ್ಲ. ದವಡೆಯನ್ನು ಇನ್ನೂ ಸ್ವಲ್ಪ ಮುಂದೆ ತರಬೇಕಿತ್ತು. ಅಷ್ಟು ದಿನ ಆ ಮನುಷ್ಯ ಸದ್ದಿಲ್ಲದೆ ಉಸಿರುಗಟ್ಟಿ ಮಲಗಿದ್ದರಲ್ಲ, ಆ ಸಂಕಟ ನನಗೆ ಇನ್ನೂ ಇದೆ. ಅವತ್ತಿನಿಂದ ಎರಡನೇ ಪರೀಕ್ಷೆ ಆಗದೆ ಯಾರಿಗೂ ವಾಸಿಯಾಯಿತು ಅಂತ ಹೇಳಿಲ್ಲ. ನಿಮ್ಮ ಡಾಕ್ಟರ್ ಮರೆತರೂ ನೀವು ಕೇಳಿ ಮಾಡಿಸಿಕೊಳ್ಳಿ.

ಮಕ್ಕಳ ಮಾತು ಬೇರೆ. ದಿನಾ ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿನಲ್ಲಿ ಹೆಚ್ಚಾಗಿ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಊದಿರುತ್ತವೆ. ಮೊದಲು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಗೊರಕೆ ನಿಂತಾಗ ಸೆಕೆಂಡು ಎಣಿಸಿ. ಫೋನಿನಲ್ಲಿ ಎರಡು ಮೂರು ನಿಮಿಷ ವಿಡಿಯೋ ಮಾಡಿಕೊಳ್ಳಿ, ಎದೆ ಕಾಣುವ ಹಾಗೆ. ಮಲಗಿದವರಿಗೆ ಬೆಳಿಗ್ಗೆ ಅದನ್ನು ತೋರಿಸಿ. ವೈದ್ಯರ ಹತ್ತಿರ ಹೋಗುವಾಗ ನೀವೂ ಜೊತೆಗೆ ಹೋಗಿ, ಯಾಕೆಂದರೆ ರಾತ್ರಿ ನಡೆದದ್ದನ್ನು ನೋಡಿದವರು ನೀವೇ.

ನಮಸ್ಕಾರ.