ತಣ್ಣೀರುಬಾವಿ ಬೀಚಿಗೆ ಒಂದು ಚೀಲ ಆಟದ ಸಾಮಾನು

ನಮಸ್ಕಾರ. ಇದು ಮಂಗಳೂರಿನ ತಣ್ಣೀರುಬಾವಿ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ, ಫಲ್ಗುಣಿ ಹೊಳೆ ದಾಟಿ ಈಚೆ ಬಂದೆವು. ದಸರಾ ರಜೆ. ಮುಂದೆ ಓಡುತ್ತಿರುವವರು ನನ್ನ ಮಗಳು ಮತ್ತು ಅಕ್ಕನ ಮಗ. ಅವಳಿಗೆ ಎಂಟು, ಅವನಿಗೆ ಹನ್ನೊಂದು. ಚೀಲ ಹೊತ್ತಿರುವವರು ನಮ್ಮಕ್ಕ. ಅವರಿಗೆ ಕ್ಯಾಮೆರಾ ಅಂದರೆ ಆಗುವುದಿಲ್ಲ, ಹಾಗಾಗಿ ಇಡೀ ವೀಡಿಯೋದಲ್ಲಿ ಅವರ ಬೆನ್ನು ಮಾತ್ರ ಕಾಣುತ್ತದೆ.

ಚೀಲದಲ್ಲಿ ಇರುವುದೆಲ್ಲ ಹೊರಗೆ ಆಡುವ ವಿಜ್ಞಾನದ ಸಾಮಾನು. ಭೂತಕನ್ನಡಿ, ಮುಚ್ಚಳದಲ್ಲೇ ಲೆನ್ಸ್ ಇರುವ ಡಬ್ಬಿ, ಅಯಸ್ಕಾಂತ, ಬೈನಾಕ್ಯುಲರ್. ಮಕ್ಕಳಿಗೆ ಯಾವುದು ತೆಗೆದುಕೊಡಬಹುದು ಅಂತ ನೀವು ತುಂಬಾ ಜನ ಕೇಳಿದ್ದೀರಿ. ಎಲ್ಲವನ್ನೂ ಒಟ್ಟಿಗೆ ತಂದು ಮಕ್ಕಳ ಕೈಗೇ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ. ನಾವು ನೀರಿಗೆ ಇಳಿಯುವುದಿಲ್ಲ. ಮಳೆಗಾಲ ಮುಗಿಯಿತು ಅಂತ ಕಂಡರೂ ಈ ಸಮಯದ ಸಮುದ್ರವನ್ನು ನಂಬುವ ಹಾಗಿಲ್ಲ. ಮತ್ತೆ, ಲೆನ್ಸ್ ಆಗಲಿ ಬೈನಾಕ್ಯುಲರ್ ಆಗಲಿ, ಯಾವುದರಲ್ಲೂ ಸೂರ್ಯನನ್ನು ನೋಡಬಾರದು. ಕಣ್ಣೇ ಹೋಗುತ್ತದೆ. ಭೂತಕನ್ನಡಿಯನ್ನು ಬಿಸಿಲಲ್ಲಿ ಬಿಟ್ಟು ಹೋಗಲೂಬೇಡಿ. ಇಲ್ಲಿ ಗಾಳಿ ಮರದ ಕೆಳಗೆಲ್ಲ ಒಣಗಿದ ಎಲೆ ಬಿದ್ದಿದೆ ನೋಡಿ, ಬೆಂಕಿ ಹಿಡಿಯಲು ಅಷ್ಟು ಸಾಕು.

ಈಗ ಡಬ್ಬಿ. ಏಡಿ ಒಳಗೆ ಹೋದದ್ದು ಹೇಗೆ ಅಂತ ನೀವೇ ನೋಡುತ್ತಿದ್ದೀರಿ. ಕಣ್ಣು ಎರಡೂ ಕಡ್ಡಿಯ ತುದಿಯಲ್ಲಿ ಇರುವುದು ಕಾಣುತ್ತಾ? ಹತ್ತಿರದಿಂದ ನೋಡಿದರೆ ಬಾಯಿಯ ಭಾಗಗಳು ನಿಲ್ಲದೆ ಆಡುತ್ತಲೇ ಇರುತ್ತವೆ. ತೂತಿನ ಸುತ್ತ ಮರಳಿನ ಸಣ್ಣ ಸಣ್ಣ ಉಂಡೆ ಇದ್ದವಲ್ಲ, ಅದರಲ್ಲಿ ಕೆಲವು ಏಡಿ ತಿಂದು ಬಿಟ್ಟದ್ದು. ಮರಳನ್ನು ಬಾಯಿಗೆ ಹಾಕಿ, ಅದರಲ್ಲಿ ಅಂಟಿದ ಆಹಾರ ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತದೆ. ನನ್ನ ಮಗಳು ಇದನ್ನು ನೋಡಿದ ಮೇಲೆ ಉಂಡೆ ತುಳಿಯದೆ ಸುತ್ತಿ ಬಳಸಿ ನಡೆಯುತ್ತಿದ್ದಾಳೆ. ಡಬ್ಬಿಗೆ 180 ರೂಪಾಯಿ, ನನಗೆ ಒಪ್ಪಿಗೆ. ಆದರೆ ಹಿಡಿದದ್ದನ್ನು ಬೇಗ ಬಿಡಬೇಕು. ಬಿಸಿಲಲ್ಲಿ ಮುಚ್ಚಿದ ಡಬ್ಬಿ ಇಟ್ಟರೆ ಒಳಗಿನ ಜೀವ ಬೆಂದೇ ಹೋಗುತ್ತದೆ.

ಇನ್ನು ಬೈನಾಕ್ಯುಲರ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕಂದರೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ.

ಇದು ಜಾತ್ರೆಯ ಸ್ಟಾಲಿನಲ್ಲಿ ತೆಗೆದುಕೊಂಡದ್ದು. 650 ರೂಪಾಯಿ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 30×60 ಅಂತ ಇದೆ, ಕಾಣುತ್ತಾ? ಬೈನಾಕ್ಯುಲರ್ ಮೇಲೆ ಇಂಥ ಎರಡು ಸಂಖ್ಯೆ ಇದ್ದರೆ ಅದಕ್ಕೆ ಅರ್ಥ ಉಂಟು. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹಕ್ಕಿ ನೋಡುವವರ ಹತ್ತಿರ ಇರುವ 8×40 ಅಂದರೆ 8 ಪಟ್ಟು, 40 ಮಿಲಿಮೀಟರ್. ಹಾಗಾದರೆ ಇದರ ಮುಂದಿನ ಗಾಜು 60 ಮಿಲಿಮೀಟರ್, ಅಂದರೆ 6 ಸೆಂಟಿಮೀಟರ್ ಇರಬೇಕು ಅಲ್ವಾ? ನಮ್ಮ ಹುಡುಗ ಕಂಪಾಸ್ ಬಾಕ್ಸಿನ ಸ್ಕೇಲ್ ಇಟ್ಟು ನೋಡಿದ. 3 ಸೆಂಟಿಮೀಟರೂ ಇಲ್ಲ. ಅರ್ಧವೂ ಇಲ್ಲ ಮಾರಾಯ್ರೆ.

ಸರಿ, 30 ಪಟ್ಟು ಅಂತಾದರೂ ಇದೆಯಾ ನೋಡೋಣ ಅಂತ ಮನೆಯ ಮುರಕಲ್ಲಿನ ಕಾಂಪೌಂಡಿನ ಎದುರು ನಿಂತೆವು. ಇದನ್ನು ನೀವೂ ಮಾಡಬಹುದು. ಒಂದು ಕಣ್ಣಿಗೆ ಮಾತ್ರ ಬೈನಾಕ್ಯುಲರ್ ಹಿಡಿಯಿರಿ, ಇನ್ನೊಂದು ಕಣ್ಣು ತೆರೆದೇ ಇರಲಿ. ಎರಡೂ ಕಣ್ಣಲ್ಲಿ ಒಂದೇ ಗೋಡೆ ನೋಡಿ. ಸ್ವಲ್ಪ ಹೊತ್ತಿಗೆ ಎರಡು ಚಿತ್ರ ಒಂದರ ಮೇಲೊಂದು ಕೂರುತ್ತದೆ. ಆಗ ಲೆನ್ಸಿನಲ್ಲಿ ಕಾಣುವ ಒಂದು ಕಲ್ಲಿನ ಜಾಗದಲ್ಲಿ ಬರಿಗಣ್ಣಿನ ಎಷ್ಟು ಕಲ್ಲು ಹಿಡಿಸುತ್ತದೆ ಅಂತ ಎಣಿಸಿ. ನಮಗೆ ಸಿಕ್ಕಿದ್ದು ಮೂರು. ಮಗಳಿಗೂ ಮೂರು, ಹುಡುಗನಿಗೂ ಮೂರು, ಅಕ್ಕನಿಗೂ ಮೂರೇ. ಅಂದರೆ ಇದು 3 ಪಟ್ಟು. ಮೂವತ್ತು ಅಲ್ಲವೇ ಅಲ್ಲ. ನಿಜವಾಗಿ 30 ಪಟ್ಟು ಇದ್ದಿದ್ದರೆ ಮಕ್ಕಳು ಕೈಯಲ್ಲಿ ಹಿಡಿದು ಏನೂ ನೋಡಲು ಆಗುತ್ತಿರಲಿಲ್ಲ, ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಸ್ಟಾಲಿಗೆ ವಾಪಸ್ ಹೋಗಿ ಕೇಳಿದೆ. "ಮಕ್ಕಳ ಆಟದ ಸಾಮಾನು ಅಲ್ವಾ ಅಕ್ಕ, ಅದಕ್ಕೆ ಎಂತ ಅಷ್ಟು ಲೆಕ್ಕ" ಅಂತ ಉತ್ತರ ಬಂತು. ಈ ಮಾತೇ ನನಗೆ ಹಿಡಿಸಲಿಲ್ಲ. ಮಕ್ಕಳದ್ದು ಅಂತಲೇ ಲೆಕ್ಕ ಸರಿ ಇರಬೇಕು. ಅವನಿಗೆ ಹನ್ನೊಂದು ವರ್ಷ. ಅಳತೆ ಅಂದರೆ ಏನು ಅಂತ ಈಗಷ್ಟೇ ಕಲಿಯುತ್ತಿದ್ದಾನೆ. ಡಬ್ಬಿ ಮೇಲಿನ 30 ಅನ್ನು ನಂಬಿ, 30 ಪಟ್ಟು ಅಂದರೆ ಇಷ್ಟೇ ಅಂತ ತಲೆಯಲ್ಲಿ ಕೂತುಬಿಟ್ಟರೆ? ಇನ್ನೊಂದು ಗೊತ್ತಿರಲಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಈ ಡಬ್ಬಿಯನ್ನು ಆಚೆ ಈಚೆ ತಿರುಗಿಸಿ ನೋಡಿದೆವು, ಎಲ್ಲೂ ಇಲ್ಲ. ಗುರುತು ಇದ್ದರೆ ಅದು ಸುರಕ್ಷತೆಗೆ ಮಾತ್ರ, 30ರ ಸುಳ್ಳನ್ನು ಅದು ಹಿಡಿಯುವುದಿಲ್ಲ. ಅದಕ್ಕೆ ಸ್ಕೇಲೇ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಈ ಶಾಟ್ ನೋಡಿ. ಮೇಲೆ ಗರುಡ ಹಾರುತ್ತಿದೆ, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಮಗಳು ಅದೇ 650 ರೂಪಾಯಿಯದ್ದನ್ನು ಎತ್ತಿ ಕೂಡಲೇ ಹಕ್ಕಿಯನ್ನು ಹಿಡಿದುಬಿಟ್ಟಳು. ಪಟ್ಟು ಕಡಿಮೆ ಇದ್ದಷ್ಟು ಹುಡುಕುವುದು ಸುಲಭ. ನಿಜ ಹೇಳಬೇಕಂದರೆ ಎಂಟು ವರ್ಷದವಳಿಗೆ 3 ಪಟ್ಟು ಚೆನ್ನಾಗಿಯೇ ಉಂಟು. 1609ರಲ್ಲಿ ಗೆಲಿಲಿಯೋ ಮಾಡಿದ ಮೊದಲ ದೂರದರ್ಶಕವೂ ಸುಮಾರು 3 ಪಟ್ಟಿನದೇ. ಇಂಥ ಆಟಿಕೆಗಳ ಒಳಗೆ ಇರುವುದೂ ಅವನದೇ ಜೋಡಣೆ, ಮುಂದೆ ಉಬ್ಬು ಗಾಜು, ಕಣ್ಣಿನ ಹತ್ತಿರ ತಗ್ಗು ಗಾಜು. ಡಬ್ಬಿ ಮೇಲೆ "3 ಪಟ್ಟು, ಗೆಲಿಲಿಯೋನ ಹಾಗೆ" ಅಂತ ಬರೆದು 200 ರೂಪಾಯಿಗೆ ಮಾರಿದರೆ ನಾನೇ ಹತ್ತು ಜನಕ್ಕೆ ಹೇಳಿ ತೆಗೆಸುತ್ತಿದ್ದೆ.

ಈ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು ಸ್ವಲ್ಪ ನೋಡಿ. ನಾನು ಇದಕ್ಕಾಗಿ ಕ್ಯಾಮೆರಾ ತಿರುಗಿಸಿದ್ದಲ್ಲ, ಅವೇ ಅಡ್ಡ ಬಂದವು. ಇವುಗಳಲ್ಲಿ ಗ್ಲೋಬ್ ಸ್ಕಿಮ್ಮರ್ ಅಂತ ಒಂದು ಜಾತಿ ಇದೆ. ಮಾಲ್ಡೀವ್ಸ್‌ನಲ್ಲಿದ್ದ ಸಮುದ್ರ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ ಅವರಿಗೆ ಒಂದು ವಿಷಯ ವಿಚಿತ್ರ ಅನ್ನಿಸಿತಂತೆ. ಆ ದ್ವೀಪಗಳಲ್ಲಿ ಕೆರೆ ಹೊಳೆ ಇಲ್ಲವೇ ಇಲ್ಲ ಅನ್ನಬಹುದು. ಈ ಹುಳ ಮೊಟ್ಟೆ ಇಡುವುದು ಸಿಹಿನೀರಿನಲ್ಲಿ. ಆದರೂ ಪ್ರತಿ ವರ್ಷ ಅಕ್ಟೋಬರ್ ಬಂತು ಅಂದರೆ ಸಾವಿರಗಟ್ಟಲೆ ಬರುತ್ತವೆ. ಎಲ್ಲಿಂದ? ನಮ್ಮ ಕಡೆಯಿಂದ ಸಮುದ್ರ ದಾಟಿ, ಮುಂದೆ ಆಫ್ರಿಕಾಕ್ಕೆ ಹೋಗುತ್ತವೆ ಅಂತ ಅವರು 2009ರಲ್ಲಿ ಪ್ರಕಟಿಸಿದರು. ಹೋಗಿ ಬರುವ ದಾರಿ 14,000ದಿಂದ 18,000 ಕಿಲೋಮೀಟರ್. ಒಂದೇ ಹುಳ ಅಲ್ಲ, ಕೆಲವು ತಲೆಮಾರು ಸೇರಿ. ಬೆರಳಿನಷ್ಟು ಉದ್ದದ ಹುಳ! ನಮ್ಮ ಹುಡುಗ ಅವು ಯಾವ ದಿಕ್ಕಿಗೆ ಹಾರುತ್ತವೆ ಅಂತ ದಿಕ್ಸೂಚಿ ಹಿಡಿದು ಬರೆದುಕೊಳ್ಳುತ್ತಿದ್ದಾನೆ, ನಾನು ಹೇಳಿಕೊಟ್ಟದ್ದಲ್ಲ. ಸರಿ ಸರಿ, ಅಕ್ಕ ಕರೆಯುತ್ತಿದ್ದಾರೆ, ಅಯಸ್ಕಾಂತ ಉಳಿದಿದೆ.

ಇದು ಹಳೆಯ ಸ್ಪೀಕರಿನಿಂದ ಬಿಚ್ಚಿದ್ದು, ಖರ್ಚು ಸೊನ್ನೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಮರಳಿಗೆ ಇಡಬೇಕು. ಇಲ್ಲವಾದರೆ ಪುಡಿ ಅಂಟಿಕೊಂಡದ್ದು ವರ್ಷವಾದರೂ ಹೋಗುವುದಿಲ್ಲ. ಅಲೆ ಬಂದು ಹೋದ ಗೆರೆಯಲ್ಲಿ ಕಪ್ಪು ಪಟ್ಟಿ ಕಾಣುತ್ತಾ? ಎಣ್ಣೆ ಅಂತ ತುಂಬಾ ಜನ ದೂರ ಹೋಗುತ್ತಾರೆ. ಅದು ಭಾರದ ಮರಳು. ಬಿಳಿ ಮರಳಿನ ಹರಳು ನೀರಿಗಿಂತ ಎರಡೂವರೆ ಪಟ್ಟಿಗೆ ಸ್ವಲ್ಪ ಜಾಸ್ತಿ ಭಾರ. ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು ಐದು ಪಟ್ಟು ಭಾರ. ಅಲೆ ವಾಪಸ್ ಹೋಗುವಾಗ ಹಗುರದ್ದನ್ನು ಎಳೆದುಕೊಂಡು ಹೋಗುತ್ತದೆ, ಭಾರದ್ದು ಇಲ್ಲೇ ಕೂರುತ್ತದೆ. ಅಕ್ಕಿ ಗಾಳಿಸುವಾಗ ಕಲ್ಲು ಅಡಿಯಲ್ಲಿ ಉಳಿಯುವ ಹಾಗೆ. ಕುದುರೆಮುಖದ ಗಣಿಯಲ್ಲಿ ತೆಗೆಯುತ್ತಿದ್ದದ್ದೂ ಇದೇ ಮ್ಯಾಗ್ನೆಟೈಟ್. 2005ರ ಕೊನೆಗೆ ಗಣಿ ನಿಲ್ಲುವವರೆಗೆ ಅದಿರು ನೀರಿನ ಜೊತೆ ಪೈಪಿನಲ್ಲೇ ಇಲ್ಲಿ ಪಕ್ಕದ ಪಣಂಬೂರಿಗೆ ಇಳಿಯುತ್ತಿತ್ತು. ಇದನ್ನು ಹೇಳಿದಾಗ ಹುಡುಗ ಘಟ್ಟದ ಕಡೆ ತಿರುಗಿ ನೋಡಿದ. ಹೊಳೆಗಳು ಬೆಟ್ಟವನ್ನು ಪುಡಿ ಮಾಡಿ ಕಡಲಿಗೆ ತರುತ್ತವೆ ಅಂತ ಪುಸ್ತಕದಲ್ಲಿ ಓದುವುದು ಬೇರೆ, ಆ ಪುಡಿ ಅಂಗೈಯಲ್ಲಿ ಮುಳ್ಳು ಮುಳ್ಳಾಗಿ ಎದ್ದು ನಿಲ್ಲುವುದು ಬೇರೆ.

ಇಲ್ಲಿಂದ ಮನೆ. ಊಟ ಆಯ್ತು, ಮಕ್ಕಳು ಹಿತ್ತಿಲಲ್ಲಿ ಇದ್ದಾರೆ.

ಜಗಲಿಯ ಕೆಳಗೆ ಮಳೆ ತಾಗದ ಮಣ್ಣಿನಲ್ಲಿ ಆಲಿಕೆಯ ಹಾಗೆ ಗುಂಡಿಗಳು ಇವೆ ನೋಡಿ. ಅದರ ಅಡಿಯಲ್ಲಿ ಒಂದು ಮರಿಹುಳ ಬಾಯಿ ತೆರೆದು ಕಾಯುತ್ತಿರುತ್ತದೆ. ಇರುವೆ ಅಂಚಿಗೆ ಬಂದರೆ ಮಣ್ಣು ಜಾರುತ್ತದೆ, ಮೇಲೆ ಹತ್ತಲು ನೋಡಿದರೆ ಹುಳ ಕೆಳಗಿನಿಂದ ಮಣ್ಣು ಎರಚುತ್ತದೆ. ಇದಕ್ಕೆ ನಾನು ಕೊಟ್ಟದ್ದು ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಲೆನ್ಸ್, 150 ರೂಪಾಯಿ. ದೊಡ್ಡ ಹಿಡಿಯ ಭೂತಕನ್ನಡಿಗಿಂತ ನೂರು ಪಾಲು ಮೇಲು. ಒಂದೇ ಸಾಮಾನು ತೆಗೆಯುವುದಾದರೆ ಇದನ್ನೇ ತೆಗೆಯಿರಿ. ಬಣ್ಣದ ಪೆಟ್ಟಿಗೆಯ "ಎಕ್ಸ್‌ಪ್ಲೋರರ್ ಸೆಟ್" ಯಾವುದೂ ಬೇಡ. ಅದರಲ್ಲಿ ಪೆಟ್ಟಿಗೆಗೇ ದುಡ್ಡು.

ಮತ್ತೆ ಇದು ಫೋಲ್ಡ್‌ಸ್ಕೋಪ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ತಂಡ 2014ರಲ್ಲಿ ಜಗತ್ತಿಗೆ ತೋರಿಸಿದ ಕಾಗದದ ಮೈಕ್ರೋಸ್ಕೋಪ್. ಹಾಳೆಯಿಂದ ಬಿಡಿಸಿ ಮಡಚಿದರೆ ಆಯಿತು. ಕಾಳುಮೆಣಸಿಗಿಂತ ಚಿಕ್ಕ ಲೆನ್ಸ್, 140 ಪಟ್ಟು. ಇದು ನಿಜವಾದ 140. ಬೆಳಿಗ್ಗೆ ಇದನ್ನು ಚೀಲದಿಂದ ಹೊರಗೆ ಇಟ್ಟೇ ಹೋದೆ. ಸಣ್ಣ ಮಕ್ಕಳಿಗೆ ಇದು ಕಷ್ಟ, ಗಾಳಿಗೆ ಹಾರುತ್ತದೆ, ಮಡಚುವಷ್ಟರಲ್ಲಿ ಬೇಜಾರು ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯವಾಗಿತ್ತು. ಈಗ ಬಾವಿಕಟ್ಟೆಯ ಪಾಚಿಯಿಂದ ಒಂದು ಹನಿ ಹಾಕಿ ಮೊಬೈಲಿಗೆ ಸಿಕ್ಕಿಸಿದ್ದೇವೆ. ಅದೋ, ಆ ಮೂಲೆಯಿಂದ ಹೋಯಿತಲ್ಲ! ಗಿರಗಿರ ತಿರುಗುತ್ತಾ! ಅಕ್ಕನ ದನಿ ಕೇಳಿಸಿತಾ? ಇಡೀ ದಿನ ಮಾತಾಡದವರು "ಇದು ನಾವು ಕುಡಿಯುವ ಬಾವಿಯದ್ದಾ" ಅಂತ ಕೇಳುತ್ತಿದ್ದಾರೆ. ಬಾವಿಯದ್ದಲ್ಲ ಅಕ್ಕ, ಕಟ್ಟೆಯದ್ದು, ಮತ್ತೆ ನಾವು ಕುದಿಸಿಯೇ ಕುಡಿಯುವುದು. ದೊಡ್ಡವರು ಒಬ್ಬರು ಪಕ್ಕದಲ್ಲಿ ಕೂರುವುದಾದರೆ ಫೋಲ್ಡ್‌ಸ್ಕೋಪ್ ಖಂಡಿತ ತೆಗೆಯಿರಿ. ಮಾತು ಬದಲಿಸಿದ್ದೇನೆ, ಹೌದು.

ಗುಡುಗು ಕೇಳುತ್ತಿದೆ ಅಲ್ವಾ? ಈ ತಿಂಗಳಲ್ಲಿ ಸಂಜೆ ಮಳೆ ಹೀಗೆಯೇ, ಘಟ್ಟದ ಕಡೆಯಿಂದ. ಮಕ್ಕಳು ಬಾಟಲಿ ಅಂಗಳದ ಮಧ್ಯಕ್ಕೆ ಇಟ್ಟು ಒಳಗೆ ಓಡಿ ಬಂದರು. ನೇರ ಗೋಡೆಯ ಬಾಟಲಿ, ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಆಲಿಕೆ ಮಾಡಿ ಇಟ್ಟದ್ದು. ಅಡಿಯ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ನೀರು ಹಾಕಿ ಅಲ್ಲಿ ಸೊನ್ನೆ ಗೆರೆ. "ಬಕೆಟ್ ಇಟ್ಟರೆ ಜಾಸ್ತಿ ಮಳೆ ಸಿಗುವುದಿಲ್ವಾ" ಅಂತ ಮಗಳ ಪ್ರಶ್ನೆ. ನೀರು ಜಾಸ್ತಿ ಸಿಗುತ್ತದೆ, ಆದರೆ ಬಾಯಿಯೂ ಅಷ್ಟೇ ದೊಡ್ಡದು, ಹಾಗಾಗಿ ಎತ್ತರ ಒಂದೇ. ಬಕೆಟ್ ಕೂಡ ಗೋಡೆ ನೇರ ಇದ್ದರೆ ಮಾತ್ರ.

ಮಳೆ ನಿಂತಿತು, ಗೆರೆ ನೋಡಿ. 20 ಮಿಲಿಮೀಟರ್. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ನಮ್ಮ ಟೆರೇಸ್ ಸಾವಿರ ಚದರಡಿ, ಅಂದರೆ 93 ಚದರ ಮೀಟರ್. ಹುಡುಗ ಗುಣಿಸಿ ಹೇಳಿದ್ದು 1,860 ಲೀಟರ್. ಒಂದು ಸಂಜೆಯ ಮಳೆಗೆ ಸಾವಿರ ಲೀಟರಿನ ಟ್ಯಾಂಕ್ ಹೆಚ್ಚುಕಡಿಮೆ ಎರಡು! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೀಳುವುದು 3,000 ಮಿಲಿಮೀಟರಿಗೂ ಜಾಸ್ತಿ, ಆ ಲೆಕ್ಕವನ್ನು ಅವನು ಈಗ ಮಾಡುತ್ತಿದ್ದಾನೆ. ಪಕ್ಕದ ಮನೆ ಬಾಯಮ್ಮ ತಮ್ಮ ಅಂಗಳಕ್ಕೂ ಒಂದು ಬಾಟಲಿ ಬೇಕು ಅಂತ ಈಗಷ್ಟೇ ಕೂಗಿ ಹೇಳಿದರು.

ಬ್ಯಾಟರಿ ಕೆಂಪು ತೋರಿಸುತ್ತಿದೆ. ನೀವೂ ಒಂದು ಬಾಟಲಿ ಇಡಿ, ನಾಳೆ ಸಂಜೆ ನಿಮ್ಮ ಅಂಗಳದಲ್ಲಿ ಎಷ್ಟು ಮಿಲಿಮೀಟರ್ ಬಂತು ಅಂತ ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ. ಸುರತ್ಕಲ್, ಮೂಡುಬಿದಿರೆ, ಕಾರ್ಕಳದವರು ಮುಖ್ಯವಾಗಿ. ಮಕ್ಕಳು ಎಲ್ಲವನ್ನೂ ಒಂದು ನಕ್ಷೆಯಲ್ಲಿ ಗುರುತು ಹಾಕುತ್ತಾರಂತೆ.