ಫೋನ್ ಬಿಟ್ಟು ಎಷ್ಟು ಹೊತ್ತು ಇರ್ತೀರಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಮಾರ್ಟ್‌ವಾಚ್ ಕೊಳ್ಳಲು ಹೋದವರೆಲ್ಲ ಒಂದು ಕಡೆ ಬಂದು ನಿಂತುಬಿಡುತ್ತಾರೆ. ಅದೇ ವಾಚ್, ಅದೇ ಬಣ್ಣ, ಅದೇ ಪಟ್ಟಿ. ಆದರೆ ಎರಡು ಬಗೆ. ಒಂದರಲ್ಲಿ ಸಿಮ್ ಸೌಲಭ್ಯ ಇದೆ, ಇನ್ನೊಂದರಲ್ಲಿ ಇಲ್ಲ. ಸಿಮ್ ಇರುವುದಕ್ಕೆ ಬೆಲೆ ಜಾಸ್ತಿ. ಅದು ಸಾಲದು ಅಂತ ಸಾಮಾನ್ಯವಾಗಿ ಪ್ಲಾನಿಗೂ ಬೇರೆ ದುಡ್ಡು ಕಟ್ಟಬೇಕು. ಆಗ ಅವರು ನನಗೆ ಫೋನ್ ಮಾಡುತ್ತಾರೆ. "ನೀವು ಮೊಬೈಲ್ ಟವರ್ ಕೆಲಸ ಮಾಡಿದವರಲ್ವಾ, ಹೇಳಿ, ಸಿಮ್ ಇರೋದು ತಗೊಳ್ಳಲಾ, ಬೇಡ್ವಾ?"

ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ನೀವು ಫೋನ್ ಬಿಟ್ಟು ಎಷ್ಟು ಹೊತ್ತು ಇರ್ತೀರಿ?

ದಿನಕ್ಕೆ ಎಷ್ಟು ಕಾಲ್ ಬರುತ್ತೆ, ಎಷ್ಟು ಮೆಸೇಜ್ ಬರುತ್ತೆ, ಅದೆಲ್ಲ ನನಗೆ ಬೇಡ. ಫೋನ್ ಮನೆಯಲ್ಲಿ, ನೀವು ಹೊರಗೆ. ಅಂಥ ಹೊತ್ತು ವಾರದಲ್ಲಿ ಎಷ್ಟು? ಅಷ್ಟು ಹೇಳಿ ಸಾಕು.

ಯಾಕೆ ಅಂತ ಹೇಳುತ್ತೇನೆ. ಫೋನ್ ಜೇಬಿನಲ್ಲೋ ಚೀಲದಲ್ಲೋ ಇದ್ದಾಗ ನಿಮ್ಮ ವಾಚ್ ಟವರ್ ಜೊತೆ ಮಾತಾಡುವುದೇ ಇಲ್ಲ. ಅದು ಮಾತಾಡುವುದು ಫೋನಿನ ಜೊತೆ, ಬ್ಲೂಟೂತಿನಲ್ಲಿ. ಟವರ್ ಜೊತೆ ಮಾತಾಡುವ ಕೆಲಸ ಫೋನಿನದು. ಕಾಲ್ ಬಂತು, ವಾಚಿನಲ್ಲೇ ಎತ್ತಿದಿರಿ, ಮಣಿಕಟ್ಟನ್ನು ಬಾಯಿಯ ಹತ್ತಿರ ತಂದು ಮಾತಾಡಿದಿರಿ. ಅದು ಸಿಮ್ ಇಲ್ಲದ ವಾಚಿನಲ್ಲೂ ಆಗುತ್ತದೆ. ಫೋನ್ ಜೇಬಿನಲ್ಲಿದ್ದರೆ ವಾಚಿನ ಸಿಮ್ ಮಲಗಿರುತ್ತದೆ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ನಾನು ಇನ್ನೂ ಎರಡು ಮೂರು ಸಲ ಹೇಳಲಿದ್ದೇನೆ.

ವಾಚ್ ಮಾಡಿದವರು ಅದನ್ನು ಮಲಗಿಸಿರುವುದಕ್ಕೂ ಕಾರಣ ಇದೆ. ಬ್ಲೂಟೂತ್ ಅಂದರೆ ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಹತ್ತು ಮೀಟರ್ ಒಳಗಿನ ಮಾತು. ಅದಕ್ಕೆ 2.5 ಮಿಲಿವಾಟ್ ಆಸುಪಾಸಿನ ಶಕ್ತಿ ಸಾಕು. ಟವರ್ ಇರುವುದು ಎಷ್ಟೋ ದೂರದಲ್ಲಿ. ಅಲ್ಲಿಗೆ ಕೇಳಬೇಕಾದರೆ ಕೂಗಬೇಕು. ಟವರ್ ಜೊತೆ ಮಾತಾಡುವ 4ಜಿ ರೇಡಿಯೋ ಜೋರಾಗಿ ಕೂಗಿದರೆ 200 ಮಿಲಿವಾಟ್ ವರೆಗೆ ಹೋಗುತ್ತದೆ. ಎಂಬತ್ತು ಪಟ್ಟು! ಫೋನಿನಲ್ಲಿ 4000, 5000 ಎಂಎಎಚ್ ಬ್ಯಾಟರಿ ಇರುತ್ತದೆ, ಕೂಗಲಿ ಬಿಡಿ. ವಾಚಿನಲ್ಲಿ ಇರುವುದು 300ರಿಂದ 600. ಪುಟ್ಟ ಬ್ಯಾಟರಿ, ದೊಡ್ಡ ಕೂಗು. ಆ್ಯಪಲ್ 2017ರಲ್ಲಿ ತನ್ನ ಮೊದಲ ಸೆಲ್ಯುಲರ್ ವಾಚ್ ತಂದಾಗ, ನೆಟ್‌ವರ್ಕಿನಲ್ಲಿ ಮಾತಾಡಿದರೆ ಒಂದು ಗಂಟೆ ಅಂತ ತಾನೇ ಹೇಳಿತ್ತು. ಅದೇ ವಾಚ್, ಫೋನ್ ಪಕ್ಕದಲ್ಲಿದ್ದು ಹೆಚ್ಚು ಮಾತಿಲ್ಲದಿದ್ದರೆ, ಬೆಳಗಿನಿಂದ ರಾತ್ರಿವರೆಗೆ ಬರುತ್ತಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ. "ನಡೆದ ದಾರಿ ದಾಖಲಾಗಬೇಕು, ಅದಕ್ಕೆ ಸಿಮ್ ಬೇಕಲ್ವಾ?" ಬೇಡ. ಅದು ಜಿಪಿಎಸ್. ಉಪಗ್ರಹಗಳು ಕಳಿಸುವ ಸಿಗ್ನಲ್ಲನ್ನು ವಾಚ್ ಸುಮ್ನೆ ಕೇಳಿಸಿಕೊಳ್ಳುತ್ತದೆ. ಟವರಿಗೂ ಅದಕ್ಕೂ ಸಂಬಂಧ ಇಲ್ಲ. ಎದೆಬಡಿತ ಎಣಿಸುವುದಕ್ಕೆ? ಬೇಡ. ಹೆಜ್ಜೆ ಲೆಕ್ಕಕ್ಕೆ? ಬೇಡ. ಹಾಡು ಮೊದಲೇ ವಾಚಿಗೆ ತುಂಬಿಕೊಂಡಿದ್ದರೆ ಇಯರ್‌ಬಡ್ ಹಾಕಿಕೊಂಡು ಕೇಳುವುದಕ್ಕೆ? ಅದಕ್ಕೂ ಬೇಡ. ಇಷ್ಟಕ್ಕೋಸ್ಕರ ಸಿಮ್ ವಾಚ್ ತಗೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಕೊಳ್ಳುವ ಮೊದಲು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಈಗ ನಮ್ಮ ಅಣ್ಣನ ವಿಷಯಕ್ಕೆ ಬರುತ್ತೇನೆ.

ಅಣ್ಣನಿಗೆ ಓಡುವ ಅಭ್ಯಾಸ. ವಾರಕ್ಕೆ ಮೂರು ದಿನ ತಪ್ಪದೆ ಓಡುತ್ತಾನೆ. "ಓಡುವಾಗ ಫೋನ್ ಜೇಬಿನಲ್ಲಿ ಕುಣಿಯುತ್ತೆ, ನನಗೆ ಸಿಮ್ ಇರೋ ವಾಚೇ ಬೇಕು" ಅಂತ ಹೇಳಿ ತಂದ. ಕಾರಣ ಸರಿಯಾಗಿಯೇ ಇತ್ತು. ನಾನೂ ಹೂಂ ಅಂದೆ. ನಾಲ್ಕೈದು ತಿಂಗಳಾದ ಮೇಲೆ ಕೇಳಿದೆ, "ಸಿಮ್ ಬಳಕೆ ಆಗ್ತಿದೆಯಾ?" "ಆಗ್ದೆ ಏನು, ದಿನಾ ಬಳಸ್ತೀನಿ. ಕಾಲ್ ಎಲ್ಲ ವಾಚಿನಲ್ಲೇ" ಅಂದ. ನನಗೆ ಅನುಮಾನ ಬಂತು. ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. "ಒಂದು ತಿಂಗಳು ಇದನ್ನ ಇಟ್ಕೋ. ಫೋನ್ ಹತ್ತಿರ ಇಲ್ಲದೆ, ವಾಚ್ ತಾನೇ ನೆಟ್‌ವರ್ಕ್ ಹಿಡಿದು ಕೆಲಸ ಮಾಡಿದಾಗ ಮಾತ್ರ ಒಂದು ಗೆರೆ ಎಳಿ. ಬೇರೆ ಯಾವುದಕ್ಕೂ ಎಳೀಬೇಡ."

ತಿಂಗಳು ಕಳೆಯಿತು. ನೋಟ್‌ಬುಕ್ ತಂದುಕೊಟ್ಟ. ನಾಲ್ಕು ಗೆರೆ.

ನಾಲ್ಕೂ ಯಾವುದು ಅಂತ ಕೇಳಿದೆ. ಎರಡು ಸಲ ಫೋನ್ ಮರೆತು ಹೋಗಿದ್ದ. ಒಂದು ಸಲ ಫೋನಿನ ಚಾರ್ಜ್ ಮುಗಿದಿತ್ತು. ಇನ್ನೊಂದು ಸಲ, ಗೆರೆ ಎಳೆಯಬೇಕಲ್ಲ ಅಂತಲೇ ಫೋನ್ ಮನೆಯಲ್ಲಿಟ್ಟು ಹೋಗಿದ್ದ. "ಮತ್ತೆ ಓಟ?" ಅಂದೆ. ಆಗ ಹೊರಗೆ ಬಂತು ನೋಡಿ. ಓಡುವ ಮೈದಾನಕ್ಕೆ ಕಾರಿನಲ್ಲಿ ಹೋಗುತ್ತಾನೆ. ಕಾರಿನಲ್ಲಿ ಹೋಗುವಾಗ ಫೋನ್ ಬೇಕು. ಅಲ್ಲಿ ಫೋನನ್ನು ಕಾರಿನಲ್ಲೇ ಬಿಟ್ಟರೆ ಯಾರಾದರೂ ಗಾಜು ಒಡೆದರೆ ಅಂತ ಭಯ. ಹಾಗಾಗಿ ಸೊಂಟಕ್ಕೆ ಒಂದು ಪಟ್ಟಿ ಕಟ್ಟಿ ಅದರೊಳಗೆ ಫೋನ್ ಇಟ್ಟುಕೊಂಡೇ ಓಡುತ್ತಿದ್ದ. ತಿಂಗಳಿಗೆ ಹನ್ನೆರಡು ಓಟ. ಹನ್ನೆರಡರಲ್ಲೂ ಫೋನ್ ಸೊಂಟದಲ್ಲಿ. ಫೋನ್ ಸೊಂಟದಲ್ಲಿದ್ದರೆ ವಾಚಿನ ಸಿಮ್ ಏನು ಮಾಡುತ್ತಿರುತ್ತದೆ? ಮಲಗಿರುತ್ತದೆ. ಆ ಮಲಗಿದ್ದಕ್ಕೆ ಅಣ್ಣ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದ.

ಅಣ್ಣನಲ್ಲಿ ತಪ್ಪೇನೂ ಇಲ್ಲ. ಅವನು ಫೋನ್ ಬಿಡುವ ಮನುಷ್ಯ ಅಲ್ಲ, ಅಷ್ಟೇ. ನಮ್ಮಲ್ಲಿ ಬಹಳ ಜನ ಹಾಗೇ ಇದ್ದೇವೆ. ಹಿತ್ತಲಿಗೆ ಹೋದರೂ ಫೋನ್ ಕೈಯಲ್ಲಿ. ಅಂಥವರಿಗೆ ಸಿಮ್ ಇಲ್ಲದ ವಾಚೇ ಪೂರ್ತಿ ವಾಚು.

ಆಮೇಲೆ ಅಮ್ಮ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಅವರ ಫೋನ್ ಸದಾ ಕಪಾಟಿನ ಮೇಲೆ ಇರುತ್ತದೆ, ಚಾರ್ಜಿಗೆ ಹಾಕಿಕೊಂಡು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ವಾಕಿಂಗ್ ಹೋಗುತ್ತಾರೆ. ಫೋನ್ ಕಪಾಟಿನ ಮೇಲೆಯೇ. "ತಗೊಂಡು ಹೋಗಮ್ಮಾ" ಅಂತ ನಾನೂ ಅಣ್ಣನೂ ಎಷ್ಟು ವರ್ಷ ಹೇಳಿದ್ದೇವೋ ಲೆಕ್ಕ ಇಲ್ಲ. ಪ್ರೀತಿಯಿಂದ ಹೇಳಿದೆವು, ಗದರಿಯೂ ಹೇಳಿದೆವು. "ಕೈಬೀಸಿಕೊಂಡು ನಡೆಯೋದು ಬಿಟ್ಟು ಅದನ್ಯಾಕೆ ಹೊತ್ಕೊಂಡು ತಿರುಗಲಿ" ಅನ್ನುತ್ತಾರೆ. ನಾವು ಕಾಲ್ ಮಾಡಿದರೆ ಖಾಲಿ ಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ.

ಅಣ್ಣನ ವಾಚಿಗೆ ಇದ್ದ ಪ್ಲಾನ್ ತೆಗೆಸಿದೆವು. ವಾಚನ್ನು ಅಮ್ಮನ ಫೋನಿಗೆ ಜೋಡಿಸಿ, ಅಮ್ಮನ ನಂಬರಿನ ಮೇಲೇ ಹೊಸ ಪ್ಲಾನ್ ಹಾಕಿಸಿದೆವು. ಒಳಗಿರುವುದು ಇ-ಸಿಮ್, ಕತ್ತರಿಸಿ ತೂರಿಸುವ ಸಿಮ್ ಅಲ್ಲ. ಹಾಗಾಗಿ ಎಲ್ಲ ಫೋನಿನಲ್ಲೇ ಆಯಿತು. ಅಮ್ಮನ ನಂಬರಿಗೆ ಕಾಲ್ ಮಾಡಿದರೆ ಕಪಾಟಿನ ಮೇಲೂ ರಿಂಗ್ ಆಗುತ್ತದೆ, ಅಮ್ಮನ ಕೈಯಲ್ಲೂ ಆಗುತ್ತದೆ. ಅಮ್ಮ ಕಲಿಯಬೇಕಾದದ್ದು ಒಂದೇ, ಹಸಿರು ಬಟನ್ ಒತ್ತಿ ಮಾತಾಡುವುದು.

ಅದೇ ನೋಟ್‌ಬುಕ್ ತೆಗೆದುಕೊಂಡೆ. ಮೊದಲ ವಾರವೇ ಹನ್ನೊಂದು ಗೆರೆ.

ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಜೋರು ಮಳೆ. ಅಮ್ಮ ವಾಕಿಂಗಿಗೆ ಹೋಗಿ ಒಂದೂವರೆ ಗಂಟೆಯಾಗಿತ್ತು. ಹಿಂದೆಲ್ಲ ಆಗಿದ್ದರೆ ಅಣ್ಣ ಕೊಡೆ ಹಿಡಿದು ಬೀದಿ ಬೀದಿ ಸುತ್ತಬೇಕಿತ್ತು. ಅವನು ಒಂದು ಕಡೆ ಹುಡುಕಿದರೆ ಅವರು ಇನ್ನೊಂದು ಕಡೆ. ಆವತ್ತು ಕಾಲ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ಹಿಂದೆ ಮಳೆಯ ಸದ್ದು. "ಬಸ್ ನಿಲ್ದಾಣದಲ್ಲಿ ನಿಂತಿದ್ದೀನಿ ಕಣೋ, ಇಲ್ಲಿ ನೆನೆಯಲ್ಲ. ಮಳೆ ನಿಂತ ಮೇಲೆ ಬರ್ತೀನಿ, ನೀವು ಬರಬೇಡಿ" ಅಂದರು. ಇಷ್ಟೇ ಮಾತು. ಆ ಮಾತಿಗೋಸ್ಕರ ವರ್ಷವಿಡೀ ಪ್ಲಾನ್ ಕಟ್ಟಿದರೂ ನನಗೆ ಬೇಜಾರಿಲ್ಲ. ನನ್ನ ಮನಸ್ಸಿಗೆ ಆವತ್ತು ಆದ ಸಮಾಧಾನವನ್ನು ಇಲ್ಲಿ ಕೂತು ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ.

ಒಂದೇ ವಾಚ್, ಗಮನಿಸಿದಿರಾ? ಅಣ್ಣನ ಕೈಯಲ್ಲಿ ತಿಂಗಳಿಗೆ ನಾಲ್ಕು ಗೆರೆ, ಅಮ್ಮನ ಕೈಯಲ್ಲಿ ವಾರಕ್ಕೆ ಹನ್ನೊಂದು. ಅಣ್ಣ ಫೋನ್ ಬಿಡಲ್ಲ, ಅಮ್ಮ ಫೋನ್ ಮುಟ್ಟಲ್ಲ.

ಹಾಂ, ಒಂದು ತೊಂದರೆ ಆಯಿತು. ಒಂದು ದಿನ ಅಮ್ಮ ನಡೆಯುತ್ತಾ ನಡೆಯುತ್ತಾ ನಮ್ಮ ಚಿಕ್ಕಮ್ಮನ ಜೊತೆ ಇಪ್ಪತ್ತು ನಿಮಿಷ ಮಾತಾಡಿದ್ದಾರೆ. ಬಂದು ನೋಡಿದರೆ ಚಾರ್ಜ್ ಮೂರನೇ ಒಂದು ಭಾಗ ಇಳಿದಿದೆ. ಮೊದಲೇ ಹೇಳಿದೆನಲ್ಲ, ದೊಡ್ಡ ಕೂಗು. ಸಿಗ್ನಲ್ ಕಮ್ಮಿ ಇರುವ ಕಡೆ ಇನ್ನೂ ಜೋರಾಗಿ ಕೂಗುತ್ತದೆ, ಚಾರ್ಜ್ ಇನ್ನೂ ಬೇಗ ಇಳಿಯುತ್ತದೆ. ವಾಚಿನ ಸಿಮ್ ಇರುವುದು "ಎಲ್ಲಿದ್ದೀಯಾ, ಬರ್ತಿದ್ದೀನಿ" ಅನ್ನುವುದಕ್ಕೆ. ಉದ್ದದ ಮಾತು ಮನೆಗೆ ಬಂದು ಫೋನಿನಲ್ಲಿ ಆಡಲಿ.

ಗಡಿಯಾರ ನೋಡಿದೆ, ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂದಿದೆ. ಇನ್ನು ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ವಯಸ್ಸಾದವರು ಬಿದ್ದರೆ ತಾನೇ ಗುರುತಿಸಿ ಕರೆ ಮಾಡುವ ಸೌಲಭ್ಯ ಕೆಲವು ವಾಚ್‌ಗಳಲ್ಲಿದೆ. ಆ್ಯಪಲ್ ವಾಚಿಗೆ 2018ರಲ್ಲಿ ಬಂತು. ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ನಂಬರಿಗೆ ತಾನೇ ಕರೆ ಹೋಗುತ್ತದೆ. ಇದನ್ನು ನೋಡಿ ಎಷ್ಟೋ ಮಕ್ಕಳು ಅಪ್ಪ ಅಮ್ಮನಿಗೆ ವಾಚ್ ತಂದುಕೊಡುತ್ತಾರೆ, ಆದರೆ ಸಿಮ್ ಇಲ್ಲದ್ದು. ದಯವಿಟ್ಟು ಇಲ್ಲಿ ಗಮನ ಕೊಡಿ. ಸಿಮ್ ಇಲ್ಲದ ವಾಚಿಗೂ ಬಿದ್ದದ್ದು ಗೊತ್ತಾಗುತ್ತದೆ. ಆದರೆ ಫೋನ್ ಕಪಾಟಿನ ಮೇಲಿದ್ದು, ಅವರು ಬೀದಿಯಲ್ಲಿ ಬಿದ್ದರೆ, ಅದು ಯಾರಿಗೂ ಹೇಳಲಾರದು. ಫೋನ್ ಬಿಟ್ಟು ಹೊರಗೆ ಹೋಗುವ ಹಿರಿಯರಿಗೆ ಕೊಡುವುದಾದರೆ ಸಿಮ್ ಇರುವುದನ್ನೇ ಕೊಡಿ. ಇಲ್ಲಿ ಉಳಿತಾಯ ಮಾಡಬೇಡಿ.

ಫೋನ್ ಇಲ್ಲದ ಮಕ್ಕಳಿಗೂ ಇದೇ ಮಾತು. ಮಗುವಿಗೆ ಫೋನ್ ಕೊಡುವ ಮನಸ್ಸಿಲ್ಲ, ಆದರೆ ಕರೆದರೆ ಓಗೊಡಬೇಕು ಅಂದರೆ ಸಿಮ್ ವಾಚ್ ಸರಿಯಾದ ದಾರಿ.

ಬೆಟ್ಟ ಹತ್ತುವವರು, ಕಾಡಿಗೆ ಹೋಗುವವರು ಇದನ್ನು ನಂಬಿಕೊಂಡು ಹೋಗಬೇಡಿ. ವಾಚಿನ ಆಂಟೆನಾ ಫೋನಿಗಿಂತ ಚಿಕ್ಕದು. ಫೋನಿಗೇ ಸಿಗ್ನಲ್ ಸಿಗದ ಕಡೆ ವಾಚಿಗೆ ಸಿಗುತ್ತದೆ ಅಂದುಕೊಳ್ಳಬೇಡಿ. ಈಜುವವರಿಗೂ ಅಷ್ಟೇ, ನೀರಿನೊಳಗೆ ಸಿಗ್ನಲ್ ಬರಲ್ಲ, ಕೈ ನೀರಿನಿಂದ ಮೇಲೆ ಬರಬೇಕು.

ಆಫೀಸಿನಲ್ಲಿ ಫೋನ್ ಮೇಜಿನ ಮೇಲೆ ಬಿಟ್ಟು ಬೇರೆ ಮಹಡಿಗೆ ಹೋಗುವವರಿದ್ದಾರೆ. ನಿಮ್ಮ ವಾಚಿನಲ್ಲಿ ವೈಫೈ ಇದ್ದು, ಆ ಕಟ್ಟಡದ ವೈಫೈ ಅದಕ್ಕೆ ಪರಿಚಯ ಇದ್ದರೆ ಮೆಸೇಜ್ ಎಲ್ಲ ಬರುತ್ತದೆ. ಇದಕ್ಕೂ ಸಿಮ್ ಬೇಡ.

ಮತ್ತೊಂದು. ಪ್ಲಾನನ್ನು ಯಾವಾಗ ಬೇಕಾದರೂ ಹಾಕಿಸಬಹುದು, ತೆಗೆಸಬಹುದು. ಆದರೆ ಸಿಮ್ ಸೌಲಭ್ಯ ಇಲ್ಲದ ವಾಚಿಗೆ ಆಮೇಲೆ ಅದನ್ನು ಸೇರಿಸಲು ಆಗುವುದಿಲ್ಲ. ಆ ರೇಡಿಯೋನೇ ಅದರೊಳಗೆ ಇರುವುದಿಲ್ಲ.

ಹಾಗಾಗಿ ಕೊಳ್ಳುವ ಮೊದಲು ಲೆಕ್ಕ ಹಾಕಿ. ಇವತ್ತೇ ಬಾಗಿಲ ಪಕ್ಕ ಒಂದು ಚೀಟಿ ಅಂಟಿಸಿ, ಪೆನ್ಸಿಲ್ ಕಟ್ಟಿಡಿ. ಫೋನ್ ಒಳಗೆ ಬಿಟ್ಟು ಹೊರಗೆ ಹೋಗಿ ಬಂದಾಗಲೆಲ್ಲ ಒಂದು ಗೆರೆ. ಮನೆಯಲ್ಲಿ ಎಲ್ಲರೂ ಎಳೆಯಲಿ, ಯಾರ ಗೆರೆ ಯಾರದು ಅಂತ ಹೆಸರು ಬರೆದಿಡಿ. ಎರಡು ವಾರ ಆಗಲಿ. ವಾಚ್ ಬೇಕು ಅಂತ ಆಸೆಪಟ್ಟವರು ಒಬ್ಬರು, ಗೆರೆ ಇರುವುದು ಇನ್ನೊಬ್ಬರದ್ದು ಅಂತ ಗೊತ್ತಾದರೂ ಗೊತ್ತಾಗಬಹುದು, ನಮ್ಮ ಮನೆಯಲ್ಲಿ ಆದ ಹಾಗೆ. ಗೆರೆ ಜಾಸ್ತಿ ಇದ್ದವರ ಫೋನ್ ಯಾವ ನೆಟ್‌ವರ್ಕಿನದೋ ಆ ನೆಟ್‌ವರ್ಕಿನವರನ್ನು ಕೇಳಿ, "ನಿಮ್ಮಲ್ಲಿ ಈ ವಾಚಿಗೆ ಇ-ಸಿಮ್ ಕೊಡ್ತೀರಾ?" ಅಂತ. ವಾಚಿನ ಮಾಡೆಲ್ ಹೆಸರು ಹೇಳಿಯೇ ಕೇಳಿ. ಅವರು ಹೌದು ಅಂದ ಮೇಲೆ ದುಡ್ಡು ಕೊಡಿ.

ನಮಸ್ಕಾರ.