ಬಿಂದಿಗೆ ಒಳಗೆ ಅಚ್ಚೇ ಇಲ್ಲ, ಬರೀ ಗಾಳಿ! ಪೀಣ್ಯದ ಬ್ಲೋ ಮೋಲ್ಡಿಂಗ್ ಯೂನಿಟ್ ನೋಡ್ಕೊಂಡ್ ಬರೋಣ

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಬಿಂದಿಗೆ ನೋಡಿ, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು, ಒಳಗೊಂದು ಅಚ್ಚಿಟ್ಟು ಇದನ್ನ ಮಾಡಿದ್ರೆ ಆಮೇಲೆ ಆ ಅಚ್ಚನ್ನ ಹೊರಗೆ ತೆಗೆಯೋದು ಹೇಗೆ? ಆಗಲ್ಲ. ಅದಕ್ಕೇ ಒಳಗೆ ಅಚ್ಚೇ ಇರಲ್ಲ, ಅಚ್ಚು ಹೊರಗಡೆ ಮಾತ್ರ, ಒಳಗಿನ ಕೆಲಸ ಎಲ್ಲಾ ಗಾಳೀನೇ ಮಾಡತ್ತೆ. ಇವತ್ತು ಬೆಂಗಳೂರಿನ ಪೀಣ್ಯದಲ್ಲಿರೋ ಒಂದು ಸಣ್ಣ ಯೂನಿಟ್‌ಗೆ ಬಂದಿದೀನಿ, ಇಲ್ಲಿ ದಿನವಿಡೀ ಇದೇ ಕೆಲಸ.

ಈ ಮೂಟೇಲಿರೋ ಬಿಳಿ ದಾಣಾ, ಅಂದ್ರೆ ಪ್ಲಾಸ್ಟಿಕ್ ಕಾಳು, ಎಚ್‌ಡಿಪಿಇ ಅನ್ನೋ ಗಟ್ಟಿ ಪಾಲಿಥಿನ್. ಅದಕ್ಕೆ ಮಾಸ್ಟರ್‌ಬ್ಯಾಚ್ ಅನ್ನೋ ಗಾಢ ಬಣ್ಣದ ಕಾಳು ಸ್ವಲ್ಪ ಸೇರಿಸಿ ಮಷೀನ್ ಮೇಲಿನ ಹಾಪರ್‌ಗೆ ಸುರೀತಾರೆ, ಕೆಳಗೆ ಬ್ಯಾರಲ್ ಒಳಗೆ ಸ್ಕ್ರೂ ತಿರುಗ್ತಾ ಇರತ್ತೆ, ಸುತ್ತ ಹೀಟರ್, ಸುಮಾರು 180ರಿಂದ 200 ಡಿಗ್ರಿ, ಸ್ಕ್ರೂ ಉಜ್ಜೋ ಶಾಖಾನೂ ಸೇರಿ ದಾಣಾ ಕರಗಿ ಮುಂದಕ್ಕೆ ಹೋಗತ್ತೆ. ಈಗ ಪ್ಲಾಸ್ಟಿಕ್ ಹೊರಬರೋ ಬಾಯಿ, ಅಂದ್ರೆ ಡೈ ಹತ್ರ ನೋಡಿ, ಚಕ್ಕುಲಿ ಒರಳಿಂದ ಹಿಟ್ಟು ಇಳಿಯೋ ಹಾಗೆ ಬಿಸಿ ಪ್ಲಾಸ್ಟಿಕ್ ಇಳೀತಿದೆ, ಆದ್ರೆ ನಡುವೆ ಮ್ಯಾಂಡ್ರೆಲ್ ಅನ್ನೋ ಒಂದು ಕಡ್ಡಿ ಇರೋದ್ರಿಂದ ಟೊಳ್ಳು ಕೊಳವೆ ಆಗಿ ಬರತ್ತೆ. ಇದಕ್ಕೆ ಪ್ಯಾರಿಸನ್ ಅಂತಾರೆ.

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರೋದು ಈ ಕೊಳವೇಲಿ. ಯಾಕಂದ್ರೆ ಇದು ಗಾಳೀಲಿ ನೇತಾಡ್ತಾ ಇರತ್ತೆ, ತನ್ನ ಭಾರಕ್ಕೆ ತಾನೇ ಜಗ್ಗತ್ತೆ, ಮೇಲ್ಗಡೆ ತೆಳ್ಳಗಾಗಿ ಕೆಳಗಡೆ ದಪ್ಪ ಉಳಿಯತ್ತೆ. ಬಕೆಟ್ ಮಾಡೋ ಇಂಜೆಕ್ಷನ್ ಗ್ರೇಡ್ ದಾಣಾ ಕರಗಿದಾಗ ತುಂಬಾ ನೀರಾಗಿರತ್ತೆ, ಅದನ್ನ ಇಲ್ಲಿ ಹಾಕಿದ್ರೆ ಕೊಳವೆ ನಿಲ್ಲೋದೇ ಇಲ್ಲ, ಎಳ್ಕೊಂಡು ಹರಿದು ಬೀಳತ್ತೆ, ಅದಕ್ಕೆ ಗಟ್ಟಿಯಾಗಿ ಇಳಿಯೋ ಬ್ಲೋ ಗ್ರೇಡೇ ಬೇಕು.

ಕೊಳವೆ ಸಾಕಷ್ಟು ಉದ್ದ ಇಳಿದ ತಕ್ಷಣ ಎರಡೂ ಕಡೆಯಿಂದ ಮೋಲ್ಡ್, ಅಂದ್ರೆ ಹೊರಗಿನ ಅಚ್ಚಿನ ಎರಡು ಭಾಗ ಬಂದು ಟಪ್ ಅಂತ ಮುಚ್ಕೊಳ್ಳತ್ತೆ, ಕೆಳಗಿನ ತುದಿ ಅಲ್ಲೇ ಒತ್ತಿ ಬೆಸೆದುಹೋಗತ್ತೆ, ಗಾಳಿ ಊದೋ ಬ್ಲೋ ಪಿನ್‌ನಿಂದ ಸುಮಾರು 6 ಬಾರ್ ಒತ್ತಡದ ಗಾಳಿ ನುಗ್ಗಿ ಕೊಳವೇನ ಉಬ್ಬಿಸಿ ಮೋಲ್ಡ್ ಗೋಡೆಗೆ ಅಂಟಿಸಿಬಿಡತ್ತೆ. ಉಬ್ಬೋದು ಕಣ್ಣು ಮಿಟುಕಿಸೋಷ್ಟ್ರಲ್ಲಿ ಮುಗಿಯತ್ತೆ, ಹೊತ್ತು ಹಿಡಿಯೋದು ತಣ್ಣಗಾಗೋಕೆ. ಮೋಲ್ಡ್ ಒಳಗಿನ ದಾರಿಗಳಲ್ಲಿ ಚಿಲ್ಲರ್ ಮಷೀನ್‌ನ ತಣ್ಣೀರು ಓಡ್ತಾನೇ ಇರತ್ತೆ, ಅವಸರಪಟ್ಟು ಬೇಗ ತೆರೆದ್ರೆ ಬಿಂದಿಗೆ ಹೊರಗೆ ಬಂದ್ಮೇಲೆ ಸೊಟ್ಟಗಾಗತ್ತೆ.

ಅಂದಹಾಗೆ ಕ್ಯಾನ್‌ಗಳಿಗೆ ಹಿಡಿ ಇರತ್ತಲ್ಲ, ಅದನ್ನ ಆಮೇಲೆ ಅಂಟಿಸೋದಲ್ಲ. ಮೋಲ್ಡೇ ಕೊಳವೇನ ಆ ಜಾಗದಲ್ಲಿ ಅದುಮಿ ನಡುವೆ ತೂತು ಬಿಡತ್ತೆ, ಗಾಳಿ ಹಿಡಿ ಒಳಗೂ ಹೋಗೋದ್ರಿಂದ ಹಿಡೀನೂ ಟೊಳ್ಳು. ಊರ ಬಾವೀಲಿ ಈಜು ಕಲಿಯೋರು ಬೆನ್ನಿಗೆ ಕಟ್ಕೊಳ್ಳೋ ಕ್ಯಾನೂ ಹಿಂಗೇ ಹುಟ್ಟಿದ್ದು. ಅಂಗಡಿ ನೀರಿನ ಪೆಟ್ ಬಾಟಲಿ ದಾರಿ ಬೇರೆ, ಅದನ್ನ ಮೊದಲು ಪ್ರೀಫಾರ್ಮ್ ಅನ್ನೋ ದಪ್ಪ ಪುಟ್ಟ ಕೊಳವೆ ಮಾಡಿಟ್ಟು ಆಮೇಲೆ ಬಿಸಿ ಮಾಡಿ ಎಳೆದು ಊದೋದು. ತಾರಸಿ ಮೇಲಿನ ದೊಡ್ಡ ಟ್ಯಾಂಕ್‌ಗಳಂತೂ ಹೆಚ್ಚಾಗಿ ಅಚ್ಚನ್ನೇ ತಿರುಗಿಸಿ ಮಾಡೋ ರೋಟೋ ಮೋಲ್ಡಿಂಗ್.

ಹೊರಗೆ ಬಂದ ಬಿಂದಿಗೆಗೆ ಮೇಲೆ ಕೆಳಗೆ ಅಂಟ್ಕೊಂಡಿರೋ ಹೆಚ್ಚುವರಿ ಪ್ಲಾಸ್ಟಿಕ್ ಫ್ಲ್ಯಾಶ್, ಅದನ್ನ ಚಾಕುವಲ್ಲಿ ಕತ್ತರಿಸಿ ಗ್ರೈಂಡರ್‌ಗೆ ಹಾಕಿ ಮತ್ತೆ ಹೊಸ ದಾಣಾ ಜೊತೆ ಬೆರೆಸ್ತಾರೆ.

ಈಗ ನಮಗೆ ಬೇಕಾಗಿರೋ ಮಾತು. ಕೊಳವೆ ಎಲ್ಲಿ ಜಾಸ್ತಿ ಉಬ್ಬತ್ತೋ ಅಲ್ಲಿ ಗೋಡೆ ತೆಳು, ಅಂದ್ರೆ ಬಿಂದಿಗೆ ಹೊಟ್ಟೆ ಮತ್ತೆ ತಳದ ಅಂಚು. ಒಳ್ಳೆ ಮಷೀನ್‌ಗಳು ಕೊಳವೆ ಇಳಿಯೋವಾಗ್ಲೇ ಡೈ ಸಂದು ಹಿಗ್ಗಿಸಿ ಕುಗ್ಗಿಸಿ, ಎಲ್ಲಿ ಹೆಚ್ಚು ಉಬ್ಬಬೇಕೋ ಅಲ್ಲಿಗೆ ಹೆಚ್ಚು ಪ್ಲಾಸ್ಟಿಕ್ ಬಿಡ್ತವೆ. ಹಾಗಾಗಿ ಬರೀ ತೂಕ ನೋಡಿ ಗಟ್ಟಿ ಅಂದ್ಕೋಬೇಡಿ, ತೂಕ ಎಲ್ಲಾ ಕತ್ತಲ್ಲೇ ಉಳಿದು ಹೊಟ್ಟೆ ತೆಳ್ಳಗಿರಬಹುದು. ನಲ್ಲಿಯಿಂದ ತುಂಬಿಸ್ಕೊಂಡು ಸೊಂಟದ ಮೇಲೆ ಹೊತ್ಕೊಂಡು ಮೆಟ್ಟಿಲು ಹತ್ತೋರಿಗೆ ಇದು ಸಣ್ಣ ವಿಷಯ ಅಲ್ಲ. ಅಂಗಡೀಲಿ ಬಿಂದಿಗೇನ ಬೆಳಕಿಗೆ ಹಿಡಿದು ಒಳಗೆ ಇಣುಕಿ ನೋಡಿ, ತೆಳು ಜಾಗ ಬೆಳ್ಳಗೆ ಹೊಳೆಯತ್ತೆ, ತಳದ ಅಂಚನ್ನ ಹೆಬ್ಬೆರಳಲ್ಲಿ ಒತ್ತಿ, ಆಮೇಲೆ ಬೋರಲು ಹಾಕಿ ತಳದ ನಡುವಿನ ಬೆಸುಗೆ ಗೆರೆ ಮೇಲೆ ಉಗುರು ಆಡಿಸಿ. ಗೆರೆ ಸೀಳಿದ ಹಾಗಿದ್ರೆ, ಉಗುರು ಒಳಗೆ ಇಳಿದ್ರೆ, ಅದನ್ನ ಅಲ್ಲೇ ವಾಪಸ್ ಇಟ್ಟು ಬೇರೆ ಕೊಡಿ ಅನ್ನಿ, ಸೋರೋದು ಮೊದಲು ಅಲ್ಲಿಂದಾನೇ.